ಮೂರನೆಯ ಫಾರಂ

ಬೈಂಡಿಂಗ್ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಅರ್ಧಕಥೆ’ ಎಂದೇ. ಆ ಹೆಸರಿಟ್ಟವಳು ಹೊಲಿಗೆ ದೊಡ್ಡಮ್ಮ. ಶೆಡ್ಡಿನ ಹೆಂಗಸರಲ್ಲೆಲ್ಲ ಹಿರಿಯಳು, ನಾಲಿಗೆಯೂ ಕೈಯಲ್ಲಿನ ಸೂಜಿಯಷ್ಟೇ ಚೂಪು.

ಹೆಸರು ಸುಮ್ಮನೆ ಬಂದದ್ದಲ್ಲ. ಪಕ್ಕದ ಮುದ್ರಣಾಲಯದಿಂದ ದೊಡ್ಡ ದೊಡ್ಡ ಹಾಳೆಗಳು ಶೆಡ್ಡಿಗೆ ಬರುತ್ತಿದ್ದವು. ಒಂದು ಹಾಳೆಯನ್ನು ಸರಿಯಾಗಿ ಮಡಿಸಿದರೆ ಹದಿನಾರು ಪುಟ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಮೊದಲ ಮೇಜಿನವಳು ಮೊದಲನೆಯ ಫಾರಂ ಮಡಿಸಬೇಕು, ಎರಡನೆಯವಳು ಎರಡನೆಯದು, ಹೀಗೆ. ಇವಳದು ಮೂರನೆಯ ಮೇಜು. ಹಾಗಾಗಿ ಯಾವ ಪುಸ್ತಕ ಬರಲಿ, ಇವಳ ಪಾಲಿಗೆ ಅದು ಮೂವತ್ತಮೂರನೆಯ ಪುಟದಲ್ಲಿ ಹುಟ್ಟಿ ನಲವತ್ತೆಂಟರಲ್ಲಿ ಸಾಯುತ್ತಿತ್ತು. ಕಥೆಯ ತಲೆಯೂ ಇಲ್ಲ, ಕಾಲೂ ಇಲ್ಲ, ಹೊಟ್ಟೆಯೊಂದೇ.

ಓದು ಅವಳಿಗೆ ಸಲೀಸಾಗಿ ಬಂದದ್ದಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ತಮ್ಮ ಹುಟ್ಟಿದ. ಅಮ್ಮ ಕೆಲಸಕ್ಕೆ ಹೋಗಬೇಕು, ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ಅಪ್ಪ ಶಾಲೆ ಬಿಡಿಸಿದ. “ತಮ್ಮ ದೊಡ್ಡೋನಾದ್ಮೇಲೆ ನಾನು ಮತ್ತೆ ಹೋಗ್ಬಹುದಾ ಅಪ್ಪಾ?” ಎಂದು ಕೇಳಿದ್ದಳು. ಅಪ್ಪ ಹೂಂ ಅಂದಿದ್ದ. ತಮ್ಮ ದೊಡ್ಡವನಾದ, ಶಾಲೆಗೂ ಸೇರಿದ. ಅವನನ್ನು ಬಾಗಿಲ ತನಕ ಬಿಟ್ಟು ಬರುವ ಕೆಲಸ ಅಕ್ಕನದಾಯಿತು. ಮಗ್ಗಿ ಒಪ್ಪಿಸುವ ಸದ್ದು ಕೇಳುತ್ತ ಅವಳು ಬಾಗಿಲಲ್ಲಿ ಒಂದು ಗಳಿಗೆ ಹೆಚ್ಚು ನಿಂತರೆ ಮೇಷ್ಟರು, “ಏನಮ್ಮಾ, ಏನಾದ್ರೂ ಮರೆತುಹೋಯ್ತಾ?” ಎಂದು ಕೇಳುತ್ತಿದ್ದರು. ಅವಳು ತಲೆ ಅಲ್ಲಾಡಿಸಿ ಹೊರಟುಬಿಡುತ್ತಿದ್ದಳು. ಅಪ್ಪನ ಹೂಂ ಹೂಂ ಆಗಿಯೇ ಉಳಿಯಿತು.

ಮದುವೆಯಾದದ್ದು ಬಸ್ ಡ್ರೈವರನನ್ನು. ದಿನವಿಡೀ ಹಾರ್ನ್ ಹೊಡೆದು ಹೊಡೆದು ಮನೆಗೆ ಬಂದ ಮೇಲೆ ಮಾತೇ ಬೇಡವೆನ್ನುವ ಮನುಷ್ಯ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಇವಳು ಶೆಡ್ಡಿಗೆ ಸೇರಿದಳು. ಮಡಿಕೆ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಪುಟಸಂಖ್ಯೆ ನೋಡಲೇಬೇಕು. ಬಿಡಿಸಿದ ಹಾಳೆಯಲ್ಲಿ ಮೂವತ್ತಮೂರರ ಪಕ್ಕದಲ್ಲೇ ನಲವತ್ತೆಂಟು ಕೂತಿರುತ್ತದೆ, ಕೆಲವು ಪುಟಗಳು ತಲೆಕೆಳಗಾಗಿ ಮಲಗಿರುತ್ತವೆ. ಮಡಿಸುತ್ತ ಹೋದಂತೆ ಒಂದೊಂದೂ ಎದ್ದು ತನ್ನ ಜಾಗಕ್ಕೆ ಬರುತ್ತದೆ. ಮೊದಮೊದಲು ಅಂಕಿ ನೋಡಿದಳು. ಆಮೇಲೆ ಅಂಕಿಯ ಮೇಲಿನ ಸಾಲು. ತುಕ್ಕು ಹಿಡಿದಿದ್ದ ಅಕ್ಷರಗಳು ಒಂದೊಂದಾಗಿ ಉಜ್ಜಿಕೊಂಡು ಹೊಳೆಯತೊಡಗಿದವು. ಕೈ ಮಡಿಸುತ್ತಿದ್ದರೆ ತುಟಿ ಓದುತ್ತಿತ್ತು.

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಸ್ವಭಾವವಲ್ಲ ಅವಳದು. ಊಟದ ಡಬ್ಬಿ ಬಿಚ್ಚಿದ ಕೂಡಲೇ ಶುರು. “ಆ ಹುಡುಗ ಊರು ಬಿಟ್ಟು ಓಡಿಹೋಗ್ತಾನೆ. ರೈಲು ಹತ್ತೋ ಹೊತ್ತಿಗೆ ಯಾರೋ ಹಿಂದಿನಿಂದ ಭುಜದ ಮೇಲೆ ಕೈ ಇಡ್ತಾರೆ…”

“ಯಾರು?” ಅಂದಳು ದೊಡ್ಡಮ್ಮ.

“ಗೊತ್ತಿಲ್ಲ. ನನ್ನ ಫಾರಂ ಅಲ್ಲಿಗೇ ಮುಗೀತು.”

“ಥೂ, ನಿನ್ನ ಅರ್ಧ ಕಥೆಗೆ ಬೆಂಕಿ ಹಾಕ! ನಾಲ್ಕನೇ ಮೇಜಿನವಳೇ, ಯಾರೇ ಕೈ ಇಟ್ಟದ್ದು?”

ನಾಲ್ಕನೆಯ ಮೇಜಿನವಳಿಗೆ ಅಂಕಿ ಬಿಟ್ಟರೆ ಏನೂ ಓದಲು ಬರುತ್ತಿರಲಿಲ್ಲ. ಎಲ್ಲರೂ ತನ್ನ ಮುಖ ನೋಡುತ್ತಿದ್ದಾರೆ, ರೈಲು ನಿಂತಿದೆ, ಕೈ ಭುಜದ ಮೇಲಿದೆ. ಉತ್ತರ ತನ್ನದೇ ಮೇಜಿನ ಮೇಲಿದ್ದೂ ಹೇಳಲಾರಳು. ಆ ದಿನ ಅವಳು ಊಟ ಅರ್ಧಕ್ಕೆ ಬಿಟ್ಟು ಹಾಳೆ ತಂದು ಅರ್ಧಕಥೆಯ ಮುಂದೆ ಹಿಡಿದಳು. “ಇದೇನು ಅಕ್ಷರ, ಹೇಳ್ಕೊಡು” ಎಂದಳು. ಶೆಡ್ಡಿನಲ್ಲಿ ಓದು ಶುರುವಾದದ್ದು ಹಾಗೆ. ವರ್ಷ ಕಳೆಯುವುದರೊಳಗೆ ಬಹುಪಾಲು ಮೇಜುಗಳು ತಮ್ಮ ತಮ್ಮ ಪಾಲಿನ ಕಥೆ ಹೇಳುವಂತಾದವು. ದೊಡ್ಡಮ್ಮ ಮಾತ್ರ, “ಕಣ್ಣು ಸೂಜಿಗೇ ಸಾಲಲ್ಲ, ನೀವು ಓದಿ, ನಾನು ಬೈತೀನಿ” ಎಂದು ಕೂತಳು.

ಬೈಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ಕಾದಂಬರಿಯಲ್ಲಿ ಅಗಸರ ಹೆಂಗಸೊಬ್ಬಳು ಮಗನನ್ನು ಓದಿಸುತ್ತಾಳೆ. ಅವನು ದೊಡ್ಡ ಅಧಿಕಾರಿಯಾಗಿ, ಗೆಳೆಯರ ಮುಂದೆ ತಾಯಿಯನ್ನು ‘ನಮ್ಮ ಮನೆ ಕೆಲಸದವಳು’ ಎಂದುಬಿಡುತ್ತಾನೆ. ದೊಡ್ಡಮ್ಮ ದಾರ ಕಚ್ಚಿ ತುಂಡರಿಸಿದಳು.

“ಇದಕ್ಕೇ ನಾನು ಹೇಳೋದು. ಓದಿದೋರೆಲ್ಲ ಹೀಗೇ. ಏಣಿ ಹತ್ತಿದ ಮೇಲೆ ಏಣಿ ಒದೆಯೋ ಜಾತಿ.”

ಮೊದಲ ಮೇಜಿನವಳೂ ಹೌದೌದು ಎಂದಳು. ಅರ್ಧಕಥೆಗೆ ಅದು ಒಪ್ಪಿಗೆಯಾಗಲಿಲ್ಲ. “ಅವನು ಓದಿದ್ದಕ್ಕೆ ಹಾಗಾದದ್ದಲ್ಲ ದೊಡ್ಡಮ್ಮ. ನನ್ನ ಫಾರಂನಲ್ಲಿದೆ ನೋಡಿ, ಶಾಲೇಲಿ ಮೇಷ್ಟರು ದಿನಾ ಅವನ ಅಂಗಿ ಮುಟ್ಟಿ, ‘ಇದು ಯಾರ ಮನೆ ಬಟ್ಟೆಯೋ’ ಅಂತ ನಗಾಡ್ತಾರೆ. ನಾಚಿಕೆಪಡೋದನ್ನ ಅವನಿಗೆ ಅಲ್ಲೇ ಕಲಿಸಿದ್ರು. ಪಾಠ ಕಲ್ತ, ಪಾಸಾದ.”

“ಹಾಗಾದ್ರೆ ಶಾಲೆ ಬೇಡ ಅಂತೀಯಾ?”

“ಶಾಲೆ ಬೇಕು. ಆ ಶಾಲೆ ಬೇಡ.”

ಆ ಮಾತು ಅವಳ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ. ಹಿಂದೆಂದೂ ಅವಳು ಹಾಗೆ ಯೋಚಿಸಿದ್ದಿಲ್ಲ. ಶಾಲೆ ಎಂದರೆ ತನಗೆ ಸಿಗದೇ ಹೋದ ಬಂಗಾರ ಎಂದಷ್ಟೇ ಅಂದುಕೊಂಡಿದ್ದವಳು, ಬಂಗಾರವನ್ನೂ ಒರೆಗೆ ಹಚ್ಚಬೇಕೆಂದು ಆ ದಿನ ಕಂಡುಕೊಂಡಳು.

ಶೆಡ್ಡಿನ ಯಜಮಾನರು ಕೆಟ್ಟವರಲ್ಲ. ಕೈ ನಿಲ್ಲದಿದ್ದರೆ ಬಾಯಿ ಏನು ಮಾಡಿದರೂ ಅವರಿಗೆ ತಕರಾರಿಲ್ಲ. ಹಾಗೆ ನಡೆದುಕೊಂಡು ಹೋಗುತ್ತಿದ್ದಾಗ ಆ ಹೆಣ್ಣುಮಕ್ಕಳ ಹೈಸ್ಕೂಲಿನ ಕೆಲಸ ಬಂತು.

ಅದು ಇವಳ ಮಗಳು ಓದುತ್ತಿದ್ದ ಶಾಲೆಯೇ. ಅಲ್ಲಿನ ಭಾಷೆ ಟೀಚರ್, ಹೊಸದಾಗಿ ಸೇರಿದ ಹುಡುಗಿ, ಮಕ್ಕಳು ಬಿಡುವಿನಲ್ಲಿ ಓದಲೆಂದು ಒಂದು ಕಾದಂಬರಿ ಆರಿಸಿದ್ದಳು. ಶಾಲೆಯ ಮುದ್ರೆ ಹಾಕಿದ ರಟ್ಟಿನೊಂದಿಗೆ ಎಲ್ಲ ಮಕ್ಕಳಿಗೂ ಒಂದೊಂದು ಪ್ರತಿ. ಹಾಳೆಗಳು ಬಂದವು, ಅರ್ಧಕಥೆ ತನ್ನ ಪಾಲಿನದನ್ನು ಮಡಿಸತೊಡಗಿದಳು. ಮಡಿಸುತ್ತಲೇ ನಕ್ಕಳು, ಮಡಿಸುತ್ತಲೇ ಒಮ್ಮೆ ಕಣ್ಣೊರೆಸಿಕೊಂಡಳು.

ಮೂರನೆಯ ಫಾರಂನ ಕಥೆ ಇಷ್ಟು. ಒಂದು ಶಾಲೆಗೆ ತಪಾಸಣೆಗೆ ಸಾಹೇಬರು ಬರುತ್ತಾರೆ. ಮಕ್ಕಳಿಗೆಲ್ಲ ಉತ್ತರ ಬಾಯಿಪಾಠ ಮಾಡಿಸಿಟ್ಟಿದ್ದಾರೆ. ಭೂಮಿ ಯಾವುದರ ಸುತ್ತ ತಿರುಗುತ್ತದೆ ಎಂದು ಸಾಹೇಬರು ಒಬ್ಬ ಹುಡುಗಿಯನ್ನು ಕೇಳುತ್ತಾರೆ. ಸೂರ್ಯನ ಸುತ್ತ ಎಂದು ಅವಳು ಸರಿಯಾಗಿಯೇ ಹೇಳುತ್ತಾಳೆ. ಹೇಳಿ ಕೂರುವುದು ಬಿಟ್ಟು, “ನಿಮಗೆ ಹೇಗೆ ಗೊತ್ತು ಸಾರ್?” ಎನ್ನುತ್ತಾಳೆ. ಪುಸ್ತಕದಲ್ಲಿದೆ ಎನ್ನುತ್ತಾರೆ ಸಾಹೇಬರು. “ಪುಸ್ತಕ ಬರೆದವರಿಗೆ ಹೇಗೆ ಗೊತ್ತು?” ಎನ್ನುತ್ತಾಳೆ ಹುಡುಗಿ. ಅವಳನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸುತ್ತಾರೆ. ಒಬ್ಬ ಮೇಷ್ಟರು ಮಾತ್ರ ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತು, “ನನಗೂ ಗೊತ್ತಿಲ್ಲಮ್ಮ. ಇಬ್ಬರೂ ಸೇರಿ ನೋಡೋಣವಾ?” ಎನ್ನುತ್ತಾರೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಹೇಗೆ ಸರಿಯುತ್ತದೆಂದು ಗುರುತು ಹಾಕತೊಡಗುತ್ತಾರೆ. ಹೆಡ್‌ಮಾಸ್ಟರು ಕೋಲು ಕಿತ್ತೆಸೆಯುತ್ತಾರೆ.

ಫಾರಂ ಮಡಿಸಿ ಮುಗಿಸಿ ಒಟ್ಟಿದ ದಿನವೇ ಯಜಮಾನರು ಮೇಜಿನ ಹತ್ತಿರ ಬಂದರು. ಶಾಲೆಯ ಕಾರ್ಯದರ್ಶಿಗಳಿಗೆ ಆ ಭಾಗ ಸರಿಬಂದಿಲ್ಲವಂತೆ. ಮೂರನೆಯ ಫಾರಂ ಬಿಟ್ಟು ಪುಸ್ತಕ ಕಟ್ಟಬೇಕಂತೆ.

“ಬಿಟ್ಟು ಅಂದ್ರೆ?” ಅಂದಳು ಅರ್ಧಕಥೆ.

“ಬಿಟ್ಟು ಅಂದ್ರೆ ಬಿಟ್ಟು. ಎರಡಾದ್ಮೇಲೆ ನಾಲ್ಕು ಜೋಡಿಸಿ ಹೊಲಿಯೋದು.”

“ಮೂವತ್ತೆರಡಾದ್ಮೇಲೆ ನಲವತ್ತೊಂಬತ್ತು ಬರುತ್ತಲ್ಲ ಸಾರ್?”

“ಮಕ್ಕಳು ಪುಟಸಂಖ್ಯೆ ನೋಡ್ತಾರೇನಮ್ಮಾ?”

“ನಾನು ನೋಡ್ತೀನಿ.”

ಯಜಮಾನರು ನಕ್ಕರು. ಇದು ತಮಾಷೆಯಲ್ಲ ಎಂದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ತನ್ನ ಒಟ್ಟಿಲಿನ ಮೇಲೆ ಎರಡೂ ಕೈ ಊರಿ ನಿಂತಿದ್ದಳು.

“ನೋಡು, ಹಾವೂ ಸಾಯಬಾರದು ಕೋಲೂ ಮುರೀಬಾರದು. ದೊಡ್ಡ ಗಿರಾಕಿ ಅವರು. ನಿನ್ನ ಮಗಳೂ ಅಲ್ಲೇ ಓದ್ತಾಳಲ್ವಾ?” ಎಂದು ದನಿ ತಗ್ಗಿಸಿದರು.

“ಅದಕ್ಕೇ ಸಾರ್. ನನ್ನ ಮಗಳು ಓದೋ ಪುಸ್ತಕಕ್ಕೆ ನನ್ನ ಕೈಯಾರೆ ತೂತು ಕೊರೆಯೋದಿಲ್ಲ. ಇದರಲ್ಲಿ ತಪ್ಪೇನಿದೆ, ಅದನ್ನ ಹೇಳಲಿ. ಹೇಳಿದ್ರೆ ನಾನೇ ತೆಗೀತೀನಿ.”

“ತಪ್ಪು ಒಪ್ಪು ನೋಡೋಕೆ ನೀನ್ಯಾರು? ಮಡಿಸೋಳು ಮಡಿಸ್ಬೇಕು.”

“ಮಡಿಸಾಯ್ತಲ್ಲ. ಬಿಸಾಕೋದು ನನ್ನ ಕೆಲಸ ಅಲ್ಲ.”

“ಹಾಗಾದ್ರೆ ಈ ಕೆಲಸ ಮುಗಿಯೋ ತನಕ ಮನೇಲಿರು” ಎಂದರು ಯಜಮಾನರು. ಅವಳು ಡಬ್ಬಿ ತೆಗೆದುಕೊಂಡು ಹೊರಟಳು. ಹಿಂದಿನಿಂದ ಯಾರೂ ಏಳಲಿಲ್ಲ. ದೊಡ್ಡಮ್ಮ ಕೂಡ ತಲೆ ಎತ್ತಲಿಲ್ಲ. ಅದು ಅವಳಿಗೆ ಚುಚ್ಚಿತು. ಇಷ್ಟು ಕಥೆ ಓದಿ, ಇಷ್ಟು ವಾದ ಮಾಡಿ, ಕೊನೆಗೆ ಇಷ್ಟೇನಾ ಎಂದುಕೊಂಡಳು. ದಾರಿಯುದ್ದಕ್ಕೂ ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡು ಹೋದಳು.

ಮನೆಯಲ್ಲಿ ಇನ್ನೂ ಕಷ್ಟವಾಯಿತು. ಮಗಳಿಗೆ ವಿಷಯ ಗೊತ್ತಾದದ್ದೇ ಕೆಂಡವಾದಳು.

“ನಿಂಗೇನಮ್ಮ ಬೇಕಿತ್ತು? ನಂಗೆ ಇದು ಕೊನೇ ವರ್ಷ. ಕಾರ್ಯದರ್ಶಿಗಳಿಗೆ ಗೊತ್ತಾದ್ರೆ ನನ್ನ ಗತಿ?”

“ನಿಮ್ಮ ಕ್ಲಾಸಲ್ಲಿ ಯಾರೂ ಪ್ರಶ್ನೆ ಕೇಳಲ್ವಾ?”

“ಪ್ರಶ್ನೆ ಕೇಳೋದು ಅವರು. ನಾವು ಉತ್ತರ ಬರೆಯೋದು. ಅಷ್ಟೇ ಶಾಲೆ ಅಂದ್ರೆ. ಹೋಗದೇ ಇದ್ದೋರಿಗೆ ಏನು ಗೊತ್ತು?”

ಮಾತು ಬಾಯಿಂದ ಹೊರಬಿದ್ದ ಮೇಲೆ ಮಗಳಿಗೇ ಕಸಿವಿಸಿಯಾಯಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಾಯಿ ಎದ್ದು ಒಲೆಯ ಕಡೆ ತಿರುಗಿ ಪಾತ್ರೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿದಳು. ಡ್ರೈವರ್ ಗಂಡ ಇಬ್ಬರ ಮುಖವನ್ನೂ ನೋಡಿ ಚಪ್ಪಲಿ ಹಾಕಿಕೊಂಡು ಹೊರಗೆ ಹೋದ.

ಪುಸ್ತಕಗಳು ಶಾಲೆಗೆ ಹೋದವು. ಒಂದು ಸಂಜೆ ಮಗಳು ಆ ಪುಸ್ತಕ ಹಿಡಿದು ಬಂದು ಅಮ್ಮನ ಪಕ್ಕ ಕೂತಳು. ಪುಟ ತಿರುವಿ ಒಂದು ಕಡೆ ಬೆರಳಿಟ್ಟಳು. ಆಮೇಲೆ, “ಯಾವ ಕೋಲಮ್ಮಾ?” ಎಂದಳು.

“ಏನು?”

“ನಲವತ್ತೊಂಬತ್ತನೇ ಪುಟ. ‘ಮರುದಿನ ಪ್ರತಿಯೊಬ್ಬ ಹುಡುಗಿಯೂ ಒಂದೊಂದು ಕೋಲು ತಂದಿದ್ದಳು’ ಅಂತ ಶುರುವಾಗುತ್ತೆ. ಯಾವ ಕೋಲು? ಯಾಕೆ ತಂದ್ರು? ಇಡೀ ಕ್ಲಾಸೇ ಕೇಳ್ತಿದೆ. ಟೀಚರನ್ನ ಕೇಳಿದ್ರೆ ಅವರು ಕಿಟಕಿ ಕಡೆ ನೋಡ್ತಾರೆ.”

ಅರ್ಧಕಥೆಗೆ ನಗು ತಡೆಯಲಾಗಲಿಲ್ಲ. ತನ್ನ ಫಾರಂ ಮುಗಿದ ಮೇಲೆ ಏನಾಯಿತೆಂದು ಅವಳಿಗೂ ಈಗಲೇ ಗೊತ್ತಾದದ್ದು. ಕೋಲು ಕಿತ್ತೆಸೆದರೆ ಹುಡುಗಿಯರೆಲ್ಲ ಕೋಲು ತಂದರಂತೆ! ಮಗಳನ್ನು ಎದುರಿಗೆ ಕೂರಿಸಿಕೊಂಡು ಮೂವತ್ತಮೂರರಿಂದ ನಲವತ್ತೆಂಟರ ತನಕ ಹೇಳಿದಳು. ಮಗಳು ಕೇಳಿ ಮುಗಿಸಿ ಹುಬ್ಬು ಗಂಟಿಕ್ಕಿದಳು.

“ಇಷ್ಟೇನಾ? ಇದರಲ್ಲಿ ತೆಗೆಯೋವಂಥದ್ದು ಏನಿದೆ?”

“ಅದನ್ನೇ ನಾನೂ ಕೇಳಿದ್ದು.”

“ಎಲ್ಲರಿಗೂ ಓದೋಕೆ ಬೇಕಮ್ಮ ಇದು” ಎಂದಳು ಮಗಳು.

ಮರುದಿನ ಅರ್ಧಕಥೆ ಶೆಡ್ಡಿಗೆ ಹೋದಳು. ಮೂರನೆಯ ಫಾರಂಗಳೆಲ್ಲ ಮೂಲೆಯಲ್ಲಿ ಚೀಲಗಳಲ್ಲಿ ತುಂಬಿ ಬಿದ್ದಿದ್ದವು. “ಸಾರ್, ಈ ರದ್ದಿ ನಾನು ತಗೊಂಡು ಹೋಗ್ಲಾ?” ಎಂದಳು.

“ಏನು ಮಾಡ್ತೀಯಾ? ಒಲೆ ಹಚ್ತೀಯಾ?”

“ಹಚ್ಚೋಕೇ ಸಾರ್.”

ಯಜಮಾನರು ಬೇರೆ ಕಡೆ ತಿರುಗಿ, “ನಾನೇನೂ ನೋಡಿಲ್ಲ” ಎಂದರು. ಚೀಲ ಹೊರಲು ಗಂಡ ಬಂದಿದ್ದ. ಕರೆದಿರಲಿಲ್ಲ, ತಾನಾಗಿಯೇ ಬಂದಿದ್ದ. ಎಲ್ಲವನ್ನೂ ಹೊತ್ತು ಮನೆಯೊಳಗಿಟ್ಟ ಮೇಲೆ, “ಭಾರ ಇದೆ” ಎಂದ. ಆ ದಿನ ಅವನಾಡಿದ ಮಾತು ಅದೊಂದೇ.

ರಜೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ದೊಡ್ಡಮ್ಮ, ಅವಳ ಹಿಂದೆ ನಾಲ್ಕನೆಯ ಮೇಜಿನವಳು, ಮೊದಲ ಮೇಜಿನವಳು.

“ಏನ್ ನೋಡ್ತೀಯಾ? ದಾರಿ ಬಿಡು” ಎಂದಳು ದೊಡ್ಡಮ್ಮ. ಒಳಗೆ ಬಂದು ನೆಲದ ಮೇಲೆ ಕೂತು ಸೂಜಿ ತೆಗೆದಳು. “ಅವತ್ತು ಏಳ್ಲಿಲ್ಲ ಅಂತ ಸಿಟ್ಟಿದೆ ನಿಂಗೆ. ಇರ್ಲಿ, ಇಟ್ಕೋ. ನಮ್ಮ ಮನೇಲೂ ಒಲೆ ಉರೀಬೇಕು. ಆ ಫಾರಂ ಬಿಟ್ಟು ಹೊಲಿಯೋವಾಗ ಒಂದೊಂದು ಹೊಲಿಗೇನೂ ನನ್ನ ಕೈಗೇ ಹಾಕ್ಕೊಂಡ ಹಾಗಿತ್ತು. ಈಗ ದಾರ ಕೊಡು.”

ಅರ್ಧಕಥೆಯ ಹತ್ತಿರ ಸಿಟ್ಟಿನ ಮಾತು ಬೇಕಾದಷ್ಟಿತ್ತು. ಅದನ್ನು ಬದಿಗಿಟ್ಟು ದಾರದ ಉಂಡೆ ತಂದು ಕೊಟ್ಟಳು.

ಹದಿನಾರು ಪುಟದ ಪುಟ್ಟ ಪುಸ್ತಕ ಎಷ್ಟು ಹೊತ್ತಿನ ಕೆಲಸ! ಬೆನ್ನಿಗೊಂದು ಹೊಲಿಗೆ, ಮೇಲೊಂದು ದಪ್ಪ ಕಾಗದ. ಮಗಳು ಪ್ರತಿ ಕಾಗದದ ಮೇಲೂ ದುಂಡಾಗಿ ‘ಯಾವ ಕೋಲು?’ ಎಂದು ಬರೆದಳು. ಶಾಲೆ ತೆರೆದ ದಿನ ಬೆಳಿಗ್ಗೆ, ಗಂಟೆ ಹೊಡೆಯುವ ಮೊದಲು, ಗೇಟಿನ ಹೊರಗೆ ರಸ್ತೆಯ ಮೇಲೆ ಅರ್ಧಕಥೆ ಮತ್ತು ದೊಡ್ಡಮ್ಮ ನಿಂತು ಒಳಗೆ ಹೋಗುವ ಹುಡುಗಿಯರಿಗೆಲ್ಲ ಹಂಚಿದರು. ಮುಚ್ಚುಮರೆ ಇಲ್ಲ. ಕಾವಲಿನವನು ಬಂದು ಏನಿದು ಎಂದಾಗ ದೊಡ್ಡಮ್ಮ ಅವನಿಗೂ ಒಂದು ಕೊಟ್ಟು, “ನಿನ್ನ ಹೆಂಡ್ತಿಗೂ ಓದಿಸು” ಎಂದಳು.

ದಪ್ಪ ಪುಸ್ತಕದ ನಡುವೆ ಇದ್ದಿದ್ದರೆ ಆ ಭಾಗವನ್ನು ಯಾರು ಓದುತ್ತಿದ್ದರೋ, ಯಾರು ಹಾರಿಸುತ್ತಿದ್ದರೋ. ಬೇಡವೆಂದು ತೆಗೆದಿದ್ದಾರೆ ಎಂದ ಮೇಲೆ ಓದದವರೇ ಇಲ್ಲ. ವಾರ ತುಂಬುವುದರೊಳಗೆ ‘ನಿಮಗೆ ಹೇಗೆ ಗೊತ್ತು?’ ಎನ್ನುವುದು ಶಾಲೆಯಲ್ಲಿ ನೆಗಡಿಯ ಹಾಗೆ ಹಬ್ಬಿತು. ಚರಿತ್ರೆಯ ಮೇಷ್ಟರು ಸಿಡುಕಿದರು. ಗಣಿತದ ಮೇಷ್ಟರು ಮಾತ್ರ ಖುಷಿಯಾಗಿ ಬೋರ್ಡಿನ ಮುಂದೆ ನಿಂತು, ಇಷ್ಟು ವರ್ಷ ಸುಮ್ಮನೆ ಬರೆಸುತ್ತಿದ್ದ ಸೂತ್ರವೊಂದನ್ನು ಮೊದಲಿಂದ ಬಿಡಿಸಿ ತೋರಿಸಿದರು. ಭಾಷೆ ಟೀಚರ್ ಆ ಪುಟ್ಟ ಪುಸ್ತಕವನ್ನು ಕ್ಲಾಸಿನಲ್ಲಿ ಬಿಡಿಸಿ ಪೂರ್ತಿ ಗಟ್ಟಿಯಾಗಿ ಓದಿದಳು.

ಕಾರ್ಯದರ್ಶಿಗಳು ಯಜಮಾನರಿಗೆ ಫೋನ್ ಮಾಡಿದರು. ಯಜಮಾನರು ಅರ್ಧಕಥೆಗೆ ಹೇಳಿ ಕಳಿಸಿದರು: ಇನ್ನು ಬರುವುದು ಬೇಡ. ಕಾರ್ಯದರ್ಶಿಗಳು ಅವಳನ್ನು ಮಗಳ ಜೊತೆ ಶಾಲೆಯ ಆಫೀಸಿಗೂ ಕರೆಸಿದರು.

ಉದ್ದನೆಯ ಮೇಜು, ಅದರಾಚೆ ಕಾರ್ಯದರ್ಶಿಗಳು, ಪಕ್ಕದಲ್ಲಿ ಹೆಡ್‌ಮಿಸ್ಟ್ರೆಸ್. ತಾಯಿ ಮಗಳಿಬ್ಬರಿಗೂ ಯಾರೂ ಕುರ್ಚಿ ತೋರಿಸಲಿಲ್ಲ. ಅರ್ಧಕಥೆ ಗೋಡೆಯ ಬಳಿಯಿದ್ದ ಎರಡು ಕುರ್ಚಿ ಎಳೆದು, “ಕೂತ್ಕೋ” ಎಂದು ಮಗಳಿಗೆ ಹೇಳಿ ತಾನೂ ಕೂತಳು.

“ಮಕ್ಕಳು ಗುರುಹಿರಿಯರಿಗೆ ಎದುರು ಮಾತಾಡೋ ಹಾಗೆ ಮಾಡಿದ್ದೀರಿ” ಎಂದರು ಕಾರ್ಯದರ್ಶಿಗಳು. “ಇದು ವಿದ್ಯಾಸಂಸ್ಥೆ. ಇಲ್ಲಿ ಶಿಸ್ತು ಮೊದಲು. ಕ್ಷಮಾಪಣೆ ಬರೆದುಕೊಡಿ. ಇಲ್ಲಾಂದ್ರೆ ನಿಮ್ಮ ಹುಡುಗಿಯ ಟೀಸಿ ತಗೊಂಡು ಹೋಗಿ.”

ಅರ್ಧಕಥೆ ಮಗಳ ಕಡೆ ನೋಡಿದಳು. ಇಲ್ಲಿಯವರೆಗೆ ತಂದದ್ದು ತಾನು, ತೆರಬೇಕಾದವಳು ಅವಳು. ಒಂದು ಕ್ಷಣ, ಒಂದೇ ಕ್ಷಣ, ಬರೆದುಕೊಟ್ಟುಬಿಡೋಣ ಎನ್ನಿಸಿತು. ಮಗಳು ಅಮ್ಮನ ಕೈಯನ್ನು ಮೇಜಿನ ಕೆಳಗೆ ಹಿಡಿದು, ಬೇಡ ಎಂಬಂತೆ ಒತ್ತಿದಳು.

“ಕ್ಷಮಾಪಣೆ ಕೊಡಲ್ಲ ಸಾರ್” ಎಂದಳು ಅರ್ಧಕಥೆ. “ನನ್ನನ್ನ ಐದನೇ ಕ್ಲಾಸಲ್ಲಿ ಬಿಡಿಸಿದಾಗ ಯಾಕೆ ಅಂತ ನಾನು ಕೇಳಲಿಲ್ಲ. ಕೇಳ್ಬಹುದು ಅಂತಾನೇ ಗೊತ್ತಿರ್ಲಿಲ್ಲ. ಅದು ನನಗೆ ಗೊತ್ತಾದದ್ದು ಕಥೆ ಓದಿ. ಟೀಸಿ ಕೊಡ್ತೀರಾ, ಕೊಡಿ. ಆದ್ರೆ ಕಾರಣ ಬರೀಬೇಕಲ್ಲ, ಸರಿಯಾಗಿ ಬರೀರಿ: ‘ಶಾಲೆಯೇ ತರಿಸಿದ ಪುಸ್ತಕವನ್ನು ಪೂರ್ತಿ ಓದಿದ್ದಕ್ಕೆ’ ಅಂತ. ಆ ಕಾಗದಕ್ಕೆ ನಾನೇ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತೀನಿ.”

“ನೀವು ಧಮಕಿ ಹಾಕ್ತಿದ್ದೀರಾ?”

“ಇಲ್ಲ ಸಾರ್, ಪ್ರಶ್ನೆ ಕೇಳ್ತಿದ್ದೀನಿ. ಈ ಹದಿನಾರು ಪುಟದಲ್ಲಿ ಯಾವ ಸಾಲು ತಪ್ಪು?”

ಕಾರ್ಯದರ್ಶಿಗಳು ಶಿಸ್ತು, ಸಂಸ್ಕಾರ, ಸಂಸ್ಥೆಯ ಹೆಸರು ಎಂದು ತುಂಬ ಹೊತ್ತು ಮಾತಾಡಿದರು. ಕೊನೆಗೆ ಹೆಡ್‌ಮಿಸ್ಟ್ರೆಸ್ ಕೆಮ್ಮಿ, “ಪರೀಕ್ಷೆ ಹತ್ತಿರ ಬಂದಿದೆ ಸಾರ್, ಈಗ ಟೀಸಿ ಅಂದ್ರೆ ಹತ್ತು ಕಡೆ ವಿವರಣೆ ಕೊಡಬೇಕಾಗುತ್ತೆ” ಎಂದರು. ಕಾರ್ಯದರ್ಶಿಗಳು ಕೈಬೀಸಿ ಹೋಗಿ ಎಂದರು.

ಗೆದ್ದರು ಎನ್ನುವ ಹಾಗೇನೂ ಇಲ್ಲ. ಮಗಳನ್ನು ಕ್ಲಾಸ್ ಲೀಡರ್ ಸ್ಥಾನದಿಂದ ತೆಗೆದರು. ಬಹುಮಾನದ ದಿನ ಅವಳ ಹೆಸರನ್ನು ಕರೆಯಲಿಲ್ಲ. ವರ್ಷದ ಕೊನೆಗೆ ಭಾಷೆ ಟೀಚರ್ ಬೇರೆ ಊರಿನ ಶಾಲೆ ಹುಡುಕಿಕೊಳ್ಳಬೇಕಾಯಿತು. ಹೋಗುವ ಮೊದಲು ಅವಳು ಅರ್ಧಕಥೆಯ ಮನೆಗೆ ಬಂದು ಚಹಾ ಕುಡಿದು, “ಮುಂದಿನ ಶಾಲೇಲೂ ಇದೇ ಪುಸ್ತಕ ತರಿಸ್ತೀನಿ ಅಕ್ಕಾ” ಎಂದು ಹೇಳಿಹೋದಳು.

ಅರ್ಧಕಥೆ ಮನೆಯ ಮುಂದಿನ ಕೋಣೆಯಲ್ಲೇ ಒಂದು ಮೇಜು ಹಾಕಿ ಹರಿದ ಪುಸ್ತಕ ಕಟ್ಟಿಕೊಡತೊಡಗಿದಳು. ಮೊದಲು ಯಾರೂ ಬರಲಿಲ್ಲ. ಆಮೇಲೆ ಆ ಹುಡುಗಿಯರೇ ಒಬ್ಬೊಬ್ಬರಾಗಿ ಬೆನ್ನು ಕಳಚಿದ ನಿಘಂಟು, ಅಣ್ಣನ ಕಾಲದ ಪಠ್ಯಪುಸ್ತಕ ಹಿಡಿದು ಬಂದರು. ಈಗ ಅವಳ ಕೈಗೆ ಪುಸ್ತಕ ಇಡಿಯಾಗಿ ಬರುತ್ತದೆ. ಮೊದಲಿಂದ ಕೊನೆಯ ತನಕ ಓದಿ ಆಮೇಲೇ ಕಟ್ಟುತ್ತಾಳೆ. ಹಾಗಾಗಿ ಕೆಲಸ ತಡ. ಗಿರಾಕಿಗಳು ಗೊಣಗಿದರೆ, “ಒಳಗೇನಿದೆ ಅಂತ ಗೊತ್ತಿಲ್ದೆ ಹೊರಗೆ ಹೇಗ್ರೀ ಕಟ್ಲಿ?” ಎನ್ನುತ್ತಾಳೆ.

ಮಗಳು ಮುಂದೆ ಓದಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಕಥೆ ಕಾದಂಬರಿ ಅವಳಿಗೆ ಅಷ್ಟಕ್ಕಷ್ಟೇ. “ನಿಮ್ಮ ಕಾದಂಬರಿಗಳಲ್ಲಿ ಓದಿದೋರು ಬರೀ ಭಾಷಣ ಮಾಡ್ತಾರಮ್ಮ, ಒಬ್ಬರೂ ಕೆಲಸ ಮಾಡಲ್ಲ” ಎಂದು ಕಾಲೆಳೆಯುತ್ತಾಳೆ. ತಾಯಿಗೆ ಸಿಟ್ಟು ಬರುತ್ತದೆ, ಆಮೇಲೆ ಹೌದಲ್ಲ ಎನ್ನಿಸುತ್ತದೆ.

ರಜೆಯ ದಿನಗಳಲ್ಲಿ ಆ ಮುಂದಿನ ಕೋಣೆ ತುಂಬಿರುತ್ತದೆ. ಶೆಡ್ಡಿನ ಹೆಂಗಸರು ಬರುತ್ತಾರೆ, ಬೀದಿಯವರು ಬರುತ್ತಾರೆ. ಡ್ರೈವರ್ ಗಂಡ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು, ಕೇಳಿಸಿಕೊಳ್ಳುತ್ತಿಲ್ಲ ಎನ್ನುವ ಹಾಗೆ ಕೇಳಿಸಿಕೊಳ್ಳುತ್ತಾನೆ. ಮೊನ್ನೆ ಒಂದು ಹೊಸ ಕಾದಂಬರಿ ಓದಿ ಮುಗಿಸಿದರು. ಅದರಲ್ಲಿ ರಾತ್ರಿ ಶಾಲೆಗೆ ಹೋಗಿ ಓದು ಕಲಿತ ಮುದುಕಿಯೊಬ್ಬಳು ಕೊನೆಯಲ್ಲಿ ಶಾಂತವಾಗಿ ಸಾಯುತ್ತಾಳೆ. ಒಂದಿಬ್ಬರು ಕಣ್ಣೊರೆಸಿಕೊಂಡರು.

“ನಾನು ಒಪ್ಪಲ್ಲ” ಎಂದಳು ದೊಡ್ಡಮ್ಮ.

“ಬರೆದವರು ಹಾಗೇ ಬರೆದಿದ್ದಾರಲ್ಲ ದೊಡ್ಡಮ್ಮ.”

“ಬರೆದ್ರೆ? ಅಷ್ಟು ಕಷ್ಟಪಟ್ಟು ಕಲ್ತೋಳು ಕಲ್ತ ಮಾರನೇ ವರ್ಷವೇ ಯಾಕೆ ಸಾಯ್ತಾಳೆ? ಜಗಳ ಆಡೋಳು ಅವಳು, ನಾಲ್ಕು ಜನಕ್ಕೆ ನೀರು ಕುಡಿಸೋಳು. ಯಾರ್ರೀ ಅದು ಬರೆದೋರು? ವಿಳಾಸ ಇದೆಯಾ ಪುಸ್ತಕದಲ್ಲಿ?”

ಅರ್ಧಕಥೆ ಮೊದಲ ಪುಟ ತಿರುವಿ ನೋಡಿದಳು. ಇತ್ತು.

“ಹಾಗಾದ್ರೆ ಬರಿ” ಎಂದಳು ದೊಡ್ಡಮ್ಮ. “ನಾನು ಹೇಳ್ತೀನಿ, ನೀನು ಬರಿ. ನಯವಾಗೇನೂ ಬರೀಬೇಡ.”